ಸರದಿಯ ಗಂಟೆ

ಅತ್ತೆಯ ಗಲ್ಲ ಮತ್ತೆ ಜಾರಿತು. ಸುಂದ್ರಮ್ಮ ಅದನ್ನು ಅಂಗೈಯಲ್ಲಿ ಎತ್ತಿ ಹಿಡಿದಳು. ಪಕ್ಕದ ಮನೆಯ ಗುರುಶಾಂತಮ್ಮ ಬಿಳಿಯ ಬಟ್ಟೆಯನ್ನು ಗಲ್ಲದಡಿಯಿಂದ ನೆತ್ತಿಗೆ ತಂದು ಗಂಟು ಬಿಗಿದಳು. ಗೋಡೆಗೆ ಒರಗಿಸಿ ಕೂರಿಸಿದ್ದ ಶಿವರುದ್ರಮ್ಮ ಹಣೆತುಂಬ ವಿಭೂತಿ ಧರಿಸಿ, ಯಾರೋ ಹೇಳುವ ಕತೆಗೆ ಹೂಂಗುಟ್ಟುತ್ತ ಹಾಗೇ ತೂಕಡಿಸಿದವಳಂತೆ ಕಾಣುತ್ತಿದ್ದಳು.

"ಗಟ್ಟಿಯಾಗಿ ಇಡ್ಕ ಕಣವ್ವ. ಬದುಕಿದ್ದಾಗ್ಲೂ ಬಾಯಿ ಮುಚ್ದೋಳಲ್ಲ, ಈಗ್ಲೂ ಒಲ್ಲೆ ಅಂತಾವ್ಳೆ," ಎಂದು ಗುರುಶಾಂತಮ್ಮ ಅಳುವಿನ ನಡುವೆಯೇ ನಕ್ಕಳು.

ಸುಂದ್ರಮ್ಮನಿಗೆ ನಗು ಬರಲಿಲ್ಲ. ಅವಳ ಕಣ್ಣು ಬಾಗಿಲ ಚೌಕಟ್ಟಿನ ಮೇಲಿತ್ತು. ಅಲ್ಲಿ ಮೊಳೆಗೆ ತೂಗುಹಾಕಿದ್ದ ಎತ್ತಿನ ಕೊರಳಗಂಟೆ ಜನ ಹೋಗಿ ಬರುವ ಗಾಳಿಗೆ ಸ್ವಲ್ಪ ಸ್ವಲ್ಪವೇ ಅಲುಗುತ್ತಿತ್ತು. ಸದ್ದಾಗುವಷ್ಟಲ್ಲ.

"ಅಕ್ಕ, ಇವತ್ತು ಸರದಿ ಯಾರ್ದು?"

"ಯಾವ ಸರದಿ?"

"ದೊಡ್ಡಿ ಮಕ್ಳ ಅಳ್ಳ ದಾಟಿಸೋದು. ಬೆಳಿಗ್ಗೆ ಅತ್ತೆ ಕರ್ಕೊಂಡ್ ಬಂದ್ರಲ್ಲ. ಸಂಜೆಗೆ?"

"ಅಯ್ಯೋ, ಎಣ ಮುಂದಿಟ್ಕಂಡು ಅದೇನ್ ಮಾತಾಡೀಯೇ! ಊರಿಗೆ ಊರೇ ಅದೆ. ಯಾರಾರಾ ಓಯ್ತಾರೆ ಬುಡು."

ಹೌದು, ಬೆಳಿಗ್ಗೆ ಶಿವರುದ್ರಮ್ಮ ಎಂದಿನಂತೆ ಮಕ್ಕಳನ್ನು ಕರೆತಂದಿದ್ದಳು. ಶಾಲೆಯ ಜಗಲಿಯ ಮೇಲೆ ಕೂತು, "ವಸಿ ನೀರು ಕೊಡಿ ಮಕ್ಳಾ" ಅಂದಳಂತೆ. ನೀರು ಬರುವಷ್ಟರಲ್ಲಿ ಕಂಬಕ್ಕೆ ತಲೆ ಆನಿಸಿದ್ದಳು. ಅಜ್ಜಿ ನಿದ್ದೆ ಮಾಡುತ್ತಿದ್ದಾಳೆ ಎಂದು ಮಕ್ಕಳು ಒಬ್ಬರ ಬಾಯಿ ಒಬ್ಬರು ಮುಚ್ಚಿ, ಸದ್ದಿಲ್ಲದೆ ಸುತ್ತ ಕೂತಿದ್ದವು. ಮೇಷ್ಟ್ರು ಬಂದು ನೋಡುವವರೆಗೂ ಹಾಗೇ ಕೂತಿದ್ದವು.

*

ಸರ್ಕಾರ ಬೇವಿನಕೊಪ್ಪಲಿಗೆ ಶಾಲೆ ಕೊಟ್ಟ ವರುಷ ಇನ್‌ಸ್ಪೆಕ್ಟರು ಎತ್ತಿನ ಗಾಡಿಯಲ್ಲಿ ಬಂದಿದ್ದರು. ಮೇಷ್ಟ್ರು ನಮ್ಮವರು, ಕಟ್ಟಡ ನಿಮ್ಮದು, ಮಕ್ಕಳು ಸಾಲದಿದ್ದರೆ ಮೇಷ್ಟ್ರು ಬೇರೆ ಊರಿಗೆ, ಅಂದರು. ಊರು ಸುಮ್ಮನಿರಲಿಲ್ಲ. ಗಂಡಸರು ಹಳ್ಳದಿಂದ ಕಲ್ಲು ಹೊತ್ತರು, ಹೆಂಗಸರು ಮಣ್ಣು ತುಳಿದರು, ಸರಗೂರಿನಿಂದ ಹೆಂಚು ಬಂತು. ಕಟ್ಟಡವೇನೋ ಎದ್ದಿತು. ತುಂಬಲು ಮಕ್ಕಳು ಸಾಲಲಿಲ್ಲ.

ಮಕ್ಕಳಿದ್ದದ್ದು ಹಳ್ಳದ ಆಚೆಯ ಕಲ್ಲುದೊಡ್ಡಿಯಲ್ಲಿ. ನಡುವೆ ಕಾಡಿನ ಒಂದು ಸೀಳು. ಹಗಲಲ್ಲೂ ಅಲ್ಲಿ ಬಿಸಿಲು ನೆಲ ಮುಟ್ಟುವುದಿಲ್ಲ. ದೊಡ್ಡಿಯ ಹಿರಿಯ ಮಂಟಯ್ಯ ಊರ ಕಟ್ಟೆಯ ಕೆಳಗೆ ನಿಂತು ಕೈ ಕಟ್ಟಿಕೊಂಡಿದ್ದ.

"ಕಳಿಸ್ತೀವಿ ಬುದ್ದಿ. ಆದ್ರೆ ಅಳ್ಳ ಯಾರು ದಾಟಿಸೋರು? ಕಿರುಬ ಅದೆ. ನಾವು ಕೂಲಿಗೋದ್ರೆ ಸಂಜೆ ಬರೋದೇ ಒತ್ತಾಯ್ತದೆ."

ಆಗ ಊರಿನ ಯಜಮಾನ ಸಿದ್ದಮಲ್ಲಪ್ಪ ಎದ್ದು ಹೋಗಿ, ತನ್ನ ದೊಡ್ಡೆತ್ತಿನ ಕೊರಳಿನ ಗಂಟೆಯನ್ನೇ ಬಿಚ್ಚಿ ತಂದಿದ್ದ. "ಈ ಗಂಟೆ ಯಾರ ಬಾಗ್ಲಲ್ಲಿ ತೂಗ್ತದೋ ಅವತ್ತು ಅವ್ರ ಸರದಿ. ಬೆಳಿಗ್ಗೆ ಕರ್ಕೊಂಡ್ ಬರೋದು, ಸಂಜೆ ಬುಟ್ಟು ಬರೋದು, ರಾತ್ರಿ ಗಂಟೆ ಪಕ್ಕದ ಮನೆಗೆ ಕೊಡೋದು. ಮದ್ಯಾನದ ಅಂಬ್ಲಿಗೆ ಮನೆಗೊಂದು ಇಡಿ ರಾಗಿ. ಇಸ್ಕೂಲು ಸರ್ಕಾರದ್ದು, ಮಕ್ಳು ಊರಿನವು!"

ಸುತ್ತಲ ಹಳ್ಳಿಗಳಲ್ಲಿ ಆ ಮಾತು ಹಬ್ಬಿತು. ಬೇವಿನಕೊಪ್ಪಲಿನವರು ನೆಂಟರಿಷ್ಟರ ಮನೆಗೆ ಹೋದಾಗ ಗಂಟೆಯ ಸಂಗತಿ ಹೇಳದೆ ಎಲೆ ಮುಂದೆ ಕೂರುತ್ತಿರಲಿಲ್ಲ.

ಆದರೆ ಗಂಟೆಗೂ ಆಯಾಸವಾಗುತ್ತದೆಯೇನೋ. ಒಬ್ಬರ ಮನೆಯಲ್ಲಿ ಹಸು ಈದಿತು, ಇನ್ನೊಬ್ಬರಿಗೆ ಚಳಿಜ್ವರ, ಮತ್ತೊಬ್ಬರದು ನಾಟಿ. "ಇವತ್ತೊಂದಿನ ನೀನೇ ಓಗ್ಬುಡು ರುದ್ರಕ್ಕ," ಅಂದರು. ಶಿವರುದ್ರಮ್ಮ ಹೋದಳು. ಗಂಟೆ ಅವಳ ಬಾಗಿಲಿಗೆ ಬಂದು ಕೂತದ್ದು ಮುಂದಿನ ಮನೆಗೆ ಹೋಗಲೇ ಇಲ್ಲ. ಮೊಳೆ ತುಕ್ಕು ಹಿಡಿದು ಮರಕ್ಕೆ ಅಂಟಿಹೋಯಿತು. ರಾಗಿಯನ್ನು ಮಾತ್ರ ಯಾರೂ ತಪ್ಪಿಸಲಿಲ್ಲ. ರಾಗಿ ಕೊಡುವ ಕೈ ಮನೆಮನೆಗೂ ಇತ್ತು. ಹಳ್ಳ ದಾಟುವ ಕಾಲು ಒಂದೇ ಜೊತೆ. ಇಷ್ಟಾದರೂ ಊರವರು ಸರದಿ ನಡೆಯುತ್ತಿದೆ ಅಂತಲೇ ಹೇಳುತ್ತಿದ್ದರು. ಹೇಳಿ ಹೇಳಿ ನಂಬಿದ್ದರು.

ಹಳ್ಳದಲ್ಲಿ ಮಕ್ಕಳು ಮುಂದೆ, ಸಾಲಾಗಿ. ಗಂಟೆ ಹಿಡಿದ ಶಿವರುದ್ರಮ್ಮ ಕೊನೆಗೆ. ಹೆದರಿದ ಮಕ್ಕಳಿಗೆ ಅವಳು ಒಂದು ಕತೆ ಕಟ್ಟಿದ್ದಳು. ಮನೆಯಲ್ಲಿ ಕಾಳು ಕೇರುವಾಗ ಸುಂದ್ರಮ್ಮನಿಗೂ ಹೇಳಿದ್ದಳು:

"ಈ ಅಳ್ಳದಲ್ಲಿರೋದಕ್ಕೆ ಕಣ್ಣಿಲ್ಲ ಕಣವ್ವ, ಬರೀ ಕಿವಿ. ಗಂಟೆ ಸದ್ದು ಕೇಳ್ತು ಅಂದ್ರೆ, ಮಕ್ಳ ಇಂದೆ ಊರಿಗೂರೇ ಬತ್ತಾ ಅದೆ ಅನ್ಕಂಡು ಮುದುರ್ಕಂಡ್ ಮಲಗ್ತದೆ. ಆದ್ರೆ ಯಾರೂ ತಿರುಗಿ ನೋಡಂಗಿಲ್ಲ. ನೋಡ್ದ್ರೆ, ಇಂದೆ ಇರೋದು ಒಬ್ಳು ಮುದ್ಕಿ ಅಂತ ಮಕ್ಳಿಗೂ ಗೊತ್ತಾಯ್ತದೆ, ಅದಕ್ಕೂ ಗೊತ್ತಾಯ್ತದೆ."

ನಿನ್ನೆ ಸಂಜೆ ಅವಳು ಎದೆ ನೀವಿಕೊಳ್ಳುತ್ತ ಬಂದಿದ್ದಳು. "ಸುಂದ್ರಿ, ನಾಳೆ ಒಂದಿನ ನೀನು ಓಗ್ಬತ್ತೀಯೇನವ್ವ?"

ಸುಂದ್ರಮ್ಮ ಭೇರ್ಯದ ಕಡೆಯ ಗದ್ದೆ ಬಯಲಿನ ಹುಡುಗಿ. ಕಣ್ಣು ಹಾಯುವವರೆಗೆ ಬೆಳಕಿರುವ ಸೀಮೆಯಲ್ಲಿ ಬೆಳೆದವಳು. ಮೊನ್ನೆಯಷ್ಟೇ ಚಿರತೆ, ಊರವರ ಬಾಯಲ್ಲಿ ಕಿರುಬ, ಗುರುಶಾಂತಮ್ಮನ ಜಗಲಿಯಿಂದ ನಾಯಿಯನ್ನು ಎಳೆದೊಯ್ದಿತ್ತು. ಕಟ್ಟಿದ ಹಗ್ಗ ಮಾತ್ರ ಉಳಿದಿತ್ತು. ಅವಳು ಉತ್ತರಿಸುವ ಮೊದಲೇ ಗಂಡ ಕಂಠಪ್ಪ, "ಮನೆ ಸೊಸೆ ಅಳ್ಳಕ್ಕೋಗದಾ? ಊರೋರು ಏನಂದಾರು?" ಎಂದು ಗದರಿದ. ಆ ಗದರಿಕೆ ಅವಳಿಗೆ ತಂಪೆನಿಸಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿಬಿಟ್ಟಳು.

"ಬುಡಿ, ನಾನೇ ಓಯ್ತೀನಿ," ಅಂದಿದ್ದಳು ಅತ್ತೆ.

*

ಹ್ಯಾಂಡ್‌ಪೋಸ್ಟ್ ಎಂಬ ಊರಿನ ನೆಂಟರಿಗಾಗಿ ಕಾದು ಹೊತ್ತು ಇಳಿಯಿತು. ಹೆಣ ಏಳುವವರೆಗೆ ಒಲೆ ಹಚ್ಚಬಾರದೆಂದು ಊರಿನಲ್ಲಿ ಎಲ್ಲೂ ಹೊಗೆಯಿಲ್ಲ. ಶಾಲೆಯ ಅಂಬಲಿಯ ಒಲೆಯೂ ಅವತ್ತು ಉರಿಯಲಿಲ್ಲ. ಹೊಗೆಯಿಲ್ಲದ ಊರನ್ನು ನೋಡಿ ಕಾಗೆಗಳು ಕೂಡ ಮಾಡಿನ ಮೇಲೆ ಸುಮ್ಮನೆ ಕೂತಿದ್ದವು.

ಸುಂದ್ರಮ್ಮ ಗಂಡನನ್ನು ಹಿತ್ತಿಲಿಗೆ ಕರೆದಳು. "ದೊಡ್ಡಿಗೆ ಸುದ್ದಿ ಮುಟ್ಸಿದ್ರಾ?"

"ಸರಗೂರಿಗೆ ಕಳಿಸ್ದೆ, ಹ್ಯಾಂಡ್‌ಪೋಸ್ಟಿಗೆ ಕಳಿಸ್ದೆ. ದೊಡ್ಡಿಗೆ ಯಾರ್ ಓಯ್ತಾರೆ? ಎಲ್ರಿಗೂ ಬಯ."

"ಮತ್ತೆ ಮಕ್ಳು?"

"ಮೇಷ್ಟ್ರು ಅವ್ರಲ್ಲ. ಅವರ್ನ ಕೇಳು."

ಮೇಷ್ಟ್ರು ವೀರಭದ್ರಸ್ವಾಮಿ ಅದೇ ವರುಷ ಮೈಸೂರಿನಿಂದ ಬಂದವರು. ಹಾರ ಹಿಡಿದು ಅಂಗಳದಲ್ಲಿ ನಿಂತಿದ್ದರು. "ಮಕ್ಕಳು ಶಾಲೆಯಲ್ಲೇ ಇದ್ದಾರಮ್ಮ. ಗಂಟೆ ಬರೋವರೆಗೂ ಏಳಬೇಡಿ ಅಂತ ಹೇಳಿ ಬಂದಿದ್ದೀನಿ. ಸರದಿಯವರು ಬರ್ತಾರಲ್ಲ?"

ಸುಂದ್ರಮ್ಮ ಸರಕ್ಕನೆ ಬಾಗಿಲ ಕಡೆ ತಿರುಗಿದಳು. ಮೊಳೆ ಬರಿದಾಗಿತ್ತು. ಸಿದ್ದಮಲ್ಲಪ್ಪ ಗಂಟೆಯನ್ನು ಹೆಣ ಹೊರುವ ಬಿದಿರಿನ ಹೂಮಂಟಪದ ಕಮಾನಿಗೆ ತನ್ನ ಕೈಯಾರೆ ಕಟ್ಟುತ್ತಿದ್ದ. ಅವನ ಕಣ್ಣು ಒದ್ದೆಯಾಗಿತ್ತು.

"ರುದ್ರಕ್ಕನ ಗಂಟೆ ರುದ್ರಕ್ಕನ ಜೊತೇಲೇ ಓಗ್ಲಿ. ಇದಕ್ಕಿಂತ ಮರ್ಯಾದೆ ಇನ್ನೇನ್ ಮಾಡಾಕಾದದು?"

"ಸರಿ ಯಜಮಾನ್ರೆ, ಸರಿ," ಎಂದಿತು ಅಂಗಳ.

ನಾಲ್ವರು ಹೆಗಲು ಕೊಟ್ಟರು. ಶಂಖ ಮೊಳಗಿತು. ಹೆಜ್ಜೆ ಹೆಜ್ಜೆಗೂ ಗಂಟೆ ಢಣ್ ಢಣ್ ಎನ್ನುತ್ತ ಹೊರಟಿತು.

ಹೆಂಗಸರು ಊರಬಾಗಿಲ ಹತ್ತಿರ ನಿಂತರು. ಅಲ್ಲಿಂದ ಮುಂದೆ ಅವರು ಹೋಗುವ ವಾಡಿಕೆಯಿಲ್ಲ. ದಾರಿ ಶಾಲೆಯ ಮುಂದೆ ಹಾದು, ಹುಣಸೆಮರದ ಬಳಿ ಕವಲಾಗುತ್ತದೆ: ಎಡಕ್ಕೆ ಹೂಳುವ ತೋಪು, ನೇರಕ್ಕೆ ಹಳ್ಳ.

ಮಂಟಪ ಹತ್ತಿರವಾಗುತ್ತಿದ್ದಂತೆ ಶಾಲೆಯ ಬಾಗಿಲು ತೆರೆಯಿತು. ದೊಡ್ಡಿಯ ಮಕ್ಕಳು ಒಂದೊಂದಾಗಿ ಹೊರಬಂದವು. ಸ್ಲೇಟು ಎದೆಗೆ ಅವಚಿಕೊಂಡು ಎಂದಿನಂತೆ ಸಾಲಾದವು. ಗಂಟೆಯನ್ನು ಬೆನ್ನಿಗೆ ಬಿಟ್ಟುಕೊಂಡು ಮುಂದೆ ನಡೆದವು.

"ನೋಡ್ರವ್ವ, ಮಕ್ಳು ಅಜ್ಜಿಗೆ ದಾರಿ ತೋರಿಸ್ತಾವೆ!" ಗುರುಶಾಂತಮ್ಮ ಬಿಕ್ಕಿದಳು. ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಂಡರು. ಆ ಕ್ಷಣಕ್ಕೆ ಅದು ಎಷ್ಟು ಚೆಂದವಾಗಿ ಕಂಡಿತೆಂದರೆ, ಹಾಡು ಕಟ್ಟಿ ಹೇಳಬಹುದಿತ್ತು.

ಹುಣಸೆಮರದ ಬಳಿ ಮಂಟಪ ಎಡಕ್ಕೆ ತಿರುಗಿತು. ಮಕ್ಕಳು ತಿರುಗಲಿಲ್ಲ. ಹಿಂದೆ ಗಂಟೆ ಇತ್ತಲ್ಲ, ತಿರುಗಿ ನೋಡಬಾರದಲ್ಲ. ಲಂಟಾನದ ಪೊದೆ ಮೊದಲ ತಲೆಯನ್ನು ನುಂಗಿತು, ಆಮೇಲೆ ಮುಂದಿನದನ್ನು. ಕೊನೆಯ ತಲೆಯೂ ಮರೆಯಾಗಿ ಸ್ವಲ್ಪ ಹೊತ್ತಿಗೆ ತೋಪಿನಲ್ಲಿ ಗಂಟೆಯ ಸದ್ದು ನಿಂತಿತು.

ಸುಂದ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ಕುಣಿಯ ಸುತ್ತ ಗಂಡಸರು ಗೋಡೆಯಂತೆ ನಿಂತಿದ್ದರು. ಶಿವರುದ್ರಮ್ಮನನ್ನು ಒಳಗೆ ಕೂರಿಸಿಯಾಗಿತ್ತು. ಮಡಿಲಲ್ಲಿ ಗಂಟೆ. ಕ್ರಿಯೆ ಮಾಡಿಸುವ ಅಯ್ನೋರು ಉಪ್ಪು, ವಿಭೂತಿ ಸುರಿಯುತ್ತಿದ್ದರು.

"ಗಂಟೆ ಕೊಡಿ," ಅಂದಳು.

ಎಲ್ಲರೂ ತಿರುಗಿದರು. "ಎಣ್ಣೆಂಗ್ಸು ಇಲ್ಲಿಗ್ಯಾಕೆ ಬಂದೆ?" ಎಂದ ಕಂಠಪ್ಪ.

"ಮಕ್ಳು ಅಳ್ಳಕ್ಕಿಳಿದ್ವು. ಗಂಟೆ ಕೇಳಿ ಎದ್ದೋದ್ವು. ಇಂದೆ ಯಾರೂ ಇಲ್ಲ."

ಅಯ್ನೋರು ಕೈ ಅಡ್ಡ ಹಿಡಿದರು. "ಕುಣಿಗೆ ಇಳ್ಸಿದ್ದನ್ನ ಮ್ಯಾಕೆತ್ತಂಗಿಲ್ಲ ತಾಯಿ. ಎತ್ತಿದ್ರೆ ಅದು ಇನ್ನೊಂದು ಎಣ ಕೇಳ್ತದೆ."

"ಅಂಗಾದ್ರೆ ನೀವೇ ಯೋಳಿ, ಇವತ್ತು ಸರದಿ ಯಾರ್ದು?"

ಒಬ್ಬ ಪಕ್ಕದವನನ್ನು ನೋಡಿದ. ಅವನು ತನ್ನ ಪಕ್ಕದವನನ್ನು. ಆ ನೋಟ ಕುಣಿಯ ಸುತ್ತ ಒಂದು ಸುತ್ತು ಬಂದು ಸಿದ್ದಮಲ್ಲಪ್ಪನ ಮೇಲೆ ನಿಂತಿತು. ಅವನು ತನ್ನ ಖಾಲಿ ಕೈಗಳನ್ನು ನೋಡಿಕೊಂಡ.

ಸುಂದ್ರಮ್ಮ ಕುಣಿಗೆ ಇಳಿದಳು. "ಸುಂದ್ರೀ!" ಎಂದು ಗಂಡ ಕೂಗಿದ್ದು ಮೇಲೆಲ್ಲೋ ಕೇಳಿಸಿತು. ಒಳಗೆ ಹಸಿಮಣ್ಣಿನ ತಂಪು, ಬಿಲ್ವಪತ್ರೆಯ ವಾಸನೆ. ಉಪ್ಪಿನೊಳಗೆ ಕೈ ಹಾಕಿ ಗಂಟೆಯನ್ನು ಎಳೆದಾಗ ಗಲ್ಲದ ಬಟ್ಟೆ ಸಡಿಲಿ ಅತ್ತೆಯ ಬಾಯಿ ಸ್ವಲ್ಪ ತೆರೆಯಿತು, ಕತೆಯ ಉಳಿದ ಮಾತೊಂದನ್ನು ಹೇಳಲು ಹೊರಟವಳಂತೆ. ಸುಂದ್ರಮ್ಮ ಕೇಳುತ್ತ ನಿಲ್ಲಲಿಲ್ಲ.

ಹಳ್ಳದ ಬಾಯಿಯಲ್ಲಿ ಬೆಳಕು ಬೂದಿಯಂತಿತ್ತು. ಗಂಟೆ ಅಲ್ಲಾಡಿಸಿದಳು, ಸದ್ದಿಲ್ಲ. ಒಳಗೆ ವಿಭೂತಿ, ಉಪ್ಪು ಮೆತ್ತಿಕೊಂಡು ನಾಲಗೆ ಕಚ್ಚಿಹೋಗಿತ್ತು. ಬಂಡೆಗೆ ಕುಟ್ಟಿದಳು, ಉಗುರಿನಲ್ಲಿ ಕೆರೆದಳು, ಮತ್ತೆ ಕುಟ್ಟಿದಳು. ಹಕ್ಕಿಯೊಂದೂ ಉಲಿಯುತ್ತಿರಲಿಲ್ಲ.

ಒದ್ದೆ ಮರಳಿನಲ್ಲಿ ಪುಟ್ಟ ಪುಟ್ಟ ಬರಿಗಾಲುಗಳ ಸಾಲು ಆಚೆ ದಡಕ್ಕೆ ಹೋಗಿತ್ತು. ಕೊನೆಯ ಪುಟ್ಟ ಹೆಜ್ಜೆಯ ಮೇಲೆಯೇ, ಅದನ್ನು ಅರ್ಧ ಅಳಿಸಿ, ದುಂಡನೆಯ ಇನ್ನೊಂದು ಹೆಜ್ಜೆ. ಅದರ ಗುಳಿಗೆ ನೀರು ಇನ್ನೂ ಒಸರುತ್ತಿತ್ತು.

ಢಣ್.

ಗಂಟೆ ಬಾಯಿ ಬಿಟ್ಟಿತು. ಸುಂದ್ರಮ್ಮ ಎರಡೂ ಕೈಯಲ್ಲಿ ಅದನ್ನು ಬಾರಿಸುತ್ತ ಮರಳಿಗೆ ಇಳಿದಳು. ಆಚೆ ದಡದ ಏರಿನಲ್ಲಿ ಮಕ್ಕಳ ಸಾಲು ಕಂಡಿತು. ಅಷ್ಟು ಹೊತ್ತು ಓಡುವುದಕ್ಕೂ ನಡೆಯುವುದಕ್ಕೂ ನಡುವಿದ್ದ ಅವುಗಳ ಹೆಜ್ಜೆಗಳು ಗಂಟೆಯ ಸದ್ದಿಗೆ ನಿಧಾನವಾದವು. ಒಂದು ತಲೆಯೂ ತಿರುಗಲಿಲ್ಲ.

ದುಂಡು ಹೆಜ್ಜೆಗಳು ಮಾತ್ರ ಹಳ್ಳದ ನಡುವೆ ಸಾಲು ಬಿಟ್ಟು, ಬಿದಿರು ಮೆಳೆಯನ್ನು ಬಳಸಿ, ಅವಳು ಇಳಿದು ಬಂದ ದಾರಿಯ ಕಡೆಗೇ ತಿರುಗಿದ್ದವು.

ಅವಳ ಬೆನ್ನ ಹಿಂದೆ ಒಣ ಎಲೆ ಮುರಿದ ಸದ್ದಾಯಿತು. ತುಸು ತಡೆದು, ಇನ್ನೊಂದು.

ಊರು ಬರುತ್ತಿರಬೇಕು, ಅಂದುಕೊಂಡಳು. ಮಕ್ಕಳ ಮೇಲೆ ಕಣ್ಣಿಟ್ಟು ಗಂಟೆ ಬಾರಿಸುತ್ತಲೇ ಹೋದಳು. ತಿರುಗಿ ನೋಡಲಿಲ್ಲ.