ಹತ್ತೊಂಬತ್ತು ಬಿಳಿ ಪಟ್ಟಿ

ನಾನು ಒಂದು ಭೂತಗನ್ನಡಿ. ಹಿತ್ತಾಳೆಯ ಹಿಡಿಯೊಳಗೆ ಮಡಚಿಕೊಳ್ಳುವ ಪುಟ್ಟ ಗಾಜು. ನನ್ನನ್ನು ಯಾವ ಊರಿನಲ್ಲಿ ಉಜ್ಜಿ ನಯ ಮಾಡಿದರೋ ಗೊತ್ತಿಲ್ಲ. ಭಟ್ಕಳದ ಗಡಿಯಾರ ರಿಪೇರಿಯ ಮೊಹಿದ್ದೀನ್ ಸಾಹೇಬರು ಇಪ್ಪತ್ತೆರಡು ವರ್ಷ ನನ್ನ ಮೂಲಕ ಹಲ್ಲುಚಕ್ರ ನೋಡಿದರು. ಕೈ ನಡುಗತೊಡಗಿದಾಗ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮಗಳು ರೈಹಾನಾಳಿಗೆ ಕೊಟ್ಟುಬಿಟ್ಟರು.

ಅಲ್ಲಿಂದ ನನ್ನ ಬದುಕು ಕಡಲ ದಂಡೆಯ ಉಪ್ಪುನೀರಿಗೆ ಬಿತ್ತು. ಎಂಥಾ ಬದುಕು ಅದು! ಕಲ್ಲು ಮಗುಚಿದಲ್ಲೆಲ್ಲ ಒಂದು ಹೊಸ ಮೈಬಣ್ಣ. ರೈಹಾನಾ ಹುಡುಕುತ್ತಿದ್ದದ್ದು ರಿಬ್ಬನ್ ಹುಳುಗಳನ್ನು. ಲಂಗದ ಲಾಡಿಯಂತೆ ಚಪ್ಪಟೆ, ಜಾರುವ ಮೈ. ಚಿಮಟದಿಂದ ಎಳೆದರೆ ತುಂಡಾಗುತ್ತವೆ, ಸ್ಪಿರಿಟ್ಟಿಗೆ ಹಾಕಿದರೆ ಬಣ್ಣ ಬಿಡುತ್ತವೆ. ಅದಕ್ಕೇ ಅವುಗಳ ಬಗ್ಗೆ ಬರೆದವರು ಕಮ್ಮಿ.

ಮೂರು ವರ್ಷದಲ್ಲಿ ಅವಳು ಹನ್ನೊಂದು ಜಾತಿ ಗುರುತಿಸಿದಳು. ಹನ್ನೊಂದನೆಯದು ಯಾವ ಪುಸ್ತಕದಲ್ಲೂ ಇರಲಿಲ್ಲ: ನೂಲಿನಷ್ಟು ಸಣ್ಣ, ನಸುಗಂದು, ದೂರದೂರಕ್ಕೆ ಬಿಳಿ ಪಟ್ಟಿ. ಹತ್ತನೆಯದು ಬೆರಳಷ್ಟು ದಪ್ಪ, ಕಡುಗಂದು, ಒತ್ತೊತ್ತಾಗಿ ಬಿಳಿ ಪಟ್ಟಿ. ಹೊಸ ಜಾತಿಗೆ ಅಬ್ಬನ ಹೆಸರಿಡಬೇಕು ಅಂತ ಲೇಖನ ಬರೆದಿಟ್ಟಳು. ಸೋಮವಾರ ಕಳಿಸುವುದಿತ್ತು.

ಶನಿವಾರ ಅಮಾವಾಸ್ಯೆ, ಸಮುದ್ರದ ದೊಡ್ಡ ಇಳಿತ. ಬಂಡೆಗಳ ನಡುವೆ ಬಳಚು ಚಿಪ್ಪು ಹೆಕ್ಕುತ್ತಿದ್ದ ನಾಗವೇಣಿ ಮೊಗೇರ, ರೈಹಾನಾ ಬರೆದುಕೊಂಡಿದ್ದ ಹುಳುಗಳ ಚಿತ್ರಗಳನ್ನು ಇಣುಕಿ ನೋಡಿದಳು.

"ಒಂದೇ ಹುಳವನ್ನ ಎರಡು ಸಲ ಯಾಕೆ ಬರೆದಿದ್ದೀರಿ ಟೀಚರೆ?"

"ಎರಡೂ ಬೇರೆ ನಾಗವೇಣಕ್ಕ. ದಪ್ಪ ನೋಡಿ, ಬಣ್ಣ ನೋಡಿ."

"ಮುಟ್ಟಿದರೆ ಮುದುಡ್ತದೆ, ಬಿಟ್ಟರೆ ನೀಳ್ತದೆ. ನಲವತ್ತು ವರ್ಷದಿಂದ ನೋಡ್ತಿದ್ದೇನೆ. ನನ್ನನ್ನ ಯಾರೂ ಕೇಳಲಿಲ್ಲ."

ರೈಹಾನಾಳ ಬೆರಳು ನನ್ನ ಹಿಡಿಯ ಮೇಲೆ ಬಿಗಿಯಾಯಿತು. "ತೋರಿಸಿ," ಅಂದಳು.

ನಾಗವೇಣಿ ಒಂದು ಕಲ್ಲೆತ್ತಿದಳು. ಅಡಿಯ ನೀರಿನಲ್ಲಿ ಕಡುಗಂದು ಮುದ್ದೆಯೊಂದಿತ್ತು. ನನ್ನ ಗಾಜಿನಲ್ಲಿ ತಲೆಯ ಎರಡೂ ಬದಿಯ ಸೀಳು ಸ್ಪಷ್ಟ ಕಂಡಿತು. ರೈಹಾನಾ ಪಟ್ಟಿ ಎಣಿಸಿದಳು. ಹತ್ತೊಂಬತ್ತು.

"ಈಗ ಕೈ ಹಾಕಬೇಡಿ," ಎಂದು ನಾಗವೇಣಿ ತನ್ನ ಬುಟ್ಟಿಯನ್ನು ಬಿಸಿಲಿಗೆ ಅಡ್ಡ ಹಿಡಿದಳು.

ಕಾದೆವು. ಹಿಂದೆ ಸಮುದ್ರ ತಿರುಗಿ ಏರತೊಡಗಿತ್ತು. ಮೊದಲ ತೆರೆ ರೈಹಾನಾಳ ಹಿಮ್ಮಡಿ ತೊಳೆಯಿತು, ಎರಡನೆಯದು ಸಲ್ವಾರ್ ಒದ್ದೆ ಮಾಡಿತು. ಆಗ ಮುದ್ದೆಯಿಂದ ತಲೆ ಹೊರಟಿತು. ಮೈ ಜಾರಿತು, ನೀಳವಾಯಿತು, ಇನ್ನೂ ನೀಳವಾಯಿತು! ಕಡುಗಂದು ತೆಳುವಾಗುತ್ತ ನಸುಗಂದಾಯಿತು, ಪಟ್ಟಿಗಳು ಒಂದರಿಂದೊಂದು ದೂರ ಸರಿದವು. ಇದ್ದಕ್ಕಿದ್ದಂತೆ ತಲೆಯ ತುದಿಯಿಂದ ಬಿಳಿ ದಾರವೊಂದು ಚಿಮ್ಮಿ ಸಣ್ಣ ಹುಳುವೊಂದನ್ನು ಸುತ್ತಿ ಹಿಡಿಯಿತು. ಅದು ಈ ಹುಳುಗಳ ಬೇಟೆಯ ಸೊಂಡಿಲು. ಅಷ್ಟು ದಿನ ನಾನು ಅದನ್ನು ಕಂಡದ್ದು ಸತ್ತ ಹುಳುಗಳಲ್ಲಿ ಮಾತ್ರ.

ಮೊಣಕಾಲಿನವರೆಗೆ ನೀರು ಬಂದರೂ ರೈಹಾನಾ ಮತ್ತೆ ಎಣಿಸಿದಳು. ಹದಿನೇಳು, ಹದಿನೆಂಟು, ಹತ್ತೊಂಬತ್ತು.

ಅವಳ ಕಣ್ಣು ನನ್ನ ಹತ್ತಿರವೇ ಇತ್ತು, ತುಂಬಿಕೊಂಡದ್ದು ನನಗೆ ಮಾತ್ರ ಕಂಡಿತು. ಅಬ್ಬನ ಹೆಸರಿನ ಹುಳು ಇಲ್ಲವಾಗಿತ್ತು. ಆದರೆ ಬಂಡೆ ಹತ್ತಿದ ಮೇಲೆ ಅವಳು ನಕ್ಕಳು.

"ತಪ್ಪು ಅಚ್ಚಾಗುವ ಮೊದಲೇ ಹಿಡಿದಿರಿ ನಾಗವೇಣಕ್ಕ. ಲೇಖನದಲ್ಲಿ ನಿಮ್ಮ ಹೆಸರೂ ಇರಬೇಕು."

"ನನ್ನದು ಯಾಕೆ?"

"ನೋಡಿದ್ದು ನೀವು."

ಲೇಖನ ಹತ್ತೇ ಜಾತಿಗಳೊಂದಿಗೆ, ಎರಡು ಹೆಸರುಗಳೊಂದಿಗೆ ಅಚ್ಚಾಯಿತು.

ಈಗ ಮರಳು ತಾಗಿ ನನ್ನ ಅಂಚೆಲ್ಲ ಮಬ್ಬು. ನಡುವಿನ ಕಡಲೆಯಷ್ಟು ಜಾಗದಲ್ಲಿ ಮಾತ್ರ ಲೋಕ ಸ್ಪಷ್ಟ. ರೈಹಾನಾ ನನ್ನನ್ನು ನಾಗವೇಣಕ್ಕನಿಗೆ ಕೊಟ್ಟು ವರ್ಷವಾಯಿತು. ಇಷ್ಟು ಕೈಗಳನ್ನು ಕಂಡ ಮೇಲೆ ನನಗೆ ತಿಳಿದದ್ದಿಷ್ಟೇ: ನಾನು ದೊಡ್ಡದು ಮಾಡಿ ತೋರಿಸಬಲ್ಲೆ, ಕಾಯುವ ಕೆಲಸ ನೋಡುವವರದ್ದು.

ಇವತ್ತು ಬೆಳಿಗ್ಗೆ ನಾಗವೇಣಕ್ಕ ಫೋನ್ ಮಾಡಿದಳು. "ಟೀಚರೆ, ಕೆಂಪು ಹುಳ. ತಲೆಯಲ್ಲಿ ಸೀಳಿಲ್ಲ, ನಾಲ್ಕು ಕಣ್ಣು. ನಮ್ಮ ಹತ್ತರಲ್ಲಿ ಇದಿಲ್ಲ. ಇದಕ್ಕೆ ಏನಂತಾರೆ?"

"ಗೊತ್ತಿಲ್ಲ ನಾಗವೇಣಕ್ಕ. ಹೊರಟೆ."

ನಾಗವೇಣಕ್ಕ ಆ ಹುಳವಿರುವ ಬಂಡೆಹೊಂಡದ ಬಾಯಿಗೆ ಬೆನ್ನು ಕೊಟ್ಟು, ತೆರೆಗೆ ಅಡ್ಡ ಕೂತು ರಸ್ತೆಯ ಕಡೆ ನೋಡುತ್ತಿದ್ದಾಳೆ. ನನ್ನನ್ನಿನ್ನೂ ಮಡಚಿಲ್ಲ.