ಮಾಸ್ತಿ ಬಿಟ್ಟುಕೊಟ್ಟ ಪಾತ್ರ

ಕಾಗಾಲದ ಶಾಲೆಯ ಜಗುಲಿಯಲ್ಲಿ ಮಾಸ್ತಿ ಗೌಡ ಸೆರಗಿಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಪ್ಯಾಂಟಿನ ಮೇಲೆ ಸುತ್ತಿಕೊಂಡ ಸೀರೆ, ಮೂಗಿನ ಕೆಳಗೆ ಪೊಗದಸ್ತಾದ ಮೀಸೆ. ನಾಟಕದ ದಿನ ಬೆಳಿಗ್ಗೆ ಅದನ್ನು ಬೋಳಿಸುವುದು ಅವನ ವಾಡಿಕೆ.

ಊರಿನ ಹವ್ಯಾಸಿ ತಂಡದಲ್ಲಿ ಹೆಂಗಸಿನ ಪಾತ್ರವೆಂದರೆ ಮಾಸ್ತಿಯದೇ. ಅವನು ಸೊಂಟಕ್ಕೆ ಸೆರಗು ಸಿಕ್ಕಿಸಿ ರಂಗಕ್ಕೆ ಬಂದನೆಂದರೆ ಪಕ್ಕದೂರು ಬಾಡದಿಂದ ನೋಡಲು ಬಂದವರೂ ಶಿಳ್ಳೆ ಹೊಡೆಯುತ್ತಿದ್ದರು. ಈ ಸಲದ ನಾಟಕ, ದುಡಿದ ಗದ್ದೆಯಲ್ಲಿ ಪಾಲು ಕೇಳುವ ಹೆಂಡತಿಯೊಬ್ಬಳದು. ಕಲಿಸುತ್ತಿದ್ದವರು ಕುಮಟಾದ ಕಾಲೇಜಿನಲ್ಲಿ ಪಾಠ ಮಾಡುವ ಕಲ್ಪನಾ ಅಕ್ಕೋರು.

ತಾಲೀಮಿನವರಿಗೆ ಚಾ ತಂದಿದ್ದ ಮಾಸ್ತಿಯ ಹೆಂಡತಿ ಗಂಗೆಗೆ ಗಂಡನ ಅಳು ನೋಡಿ ನಗು ತಡೆಯಲಾಗಲಿಲ್ಲ.

"ಎಂತಕ್ಕೆ ನಗಾಡ್ತೆ?" ಮಾಸ್ತಿ ಸಿಡುಕಿದ.

"ಪಾಲು ಕೇಳೂಕೆ ಹೊರಟವಳು ಹಾಂಗೆ ಅಳೂದಿಲ್ಲ."

"ಹಾಗಾದರೆ ನೀನೇ ತೋರಿಸು ಗಂಗೆ," ಎಂದರು ಅಕ್ಕೋರು.

ಗಂಗೆ ಚಾದ ಪಾತ್ರೆ ಕೆಳಗಿಟ್ಟು ಕೈ ಒರೆಸಿಕೊಂಡಳು. ಗಂಡನ ಪಾತ್ರ ಮಾಡುತ್ತಿದ್ದ ನರೇಶನ ಎದುರು ನಿಂತು, ಸಂತೆಯಲ್ಲಿ ತರಕಾರಿಯ ದರ ಹೇಳುವಷ್ಟು ಸಹಜವಾಗಿ, "ಈ ಗದ್ದೆಗೆ ನನ್ನ ಬೆವರೂ ಬಿದ್ದದೆ. ನನ್ನ ಪಾಲು ಎಲ್ಲದೆ?" ಎಂದಳು. ನರೇಶ ತಬ್ಬಿಬ್ಬಾಗಿ ಎರಡು ಹೆಜ್ಜೆ ಹಿಂದೆ ಸರಿದ.

"ಈ ಪಾತ್ರ ಗಂಗೆಯೇ ಮಾಡಲಿ," ಅಕ್ಕೋರು ಅಲ್ಲೇ ಹೇಳಿಬಿಟ್ಟರು.

"ಅದೊಂದು ಆಗೂದಿಲ್ಲ ಅಕ್ಕೋರೆ. ಮಗಳಿಗೆ ಗಂಡು ನೋಡ್ತಾ ಇದ್ದೇವೆ. ತಾಯಿ ರಂಗ ಹತ್ತಿದ್ಲು ಅಂತ ಜನ ಆಡ್ಕಂಡ್ರೆ?" ಎಂದ ಮಾಸ್ತಿ.

ಮಾಸ್ತಿಯ ಭಯ ಸುಳ್ಳಲ್ಲ. ಆದರೆ ಆ ಭಯದ ಅಡಿಯಲ್ಲಿ ಹೊಟ್ಟೆಕಿಚ್ಚೂ ಇತ್ತು. ಆ ಶಿಳ್ಳೆಗಳು ಕೈ ತಪ್ಪಿದರೆ ಅವನಿಗೆ ಮತ್ತೇನು ಉಳಿಯುತ್ತದೆ?

ಗಂಗೆ ನಗುತ್ತಲೇ ಕೇಳಿದಳು. "ಇಷ್ಟ್ ವರ್ಷ ನೀವು ನನ್ನ ಸೀರೆ ಉಟ್ಕಂಡು, ನನ್ನ ಹಾಂಗೇ ನಡೆದು ಶಿಳ್ಳೆ ಹೊಡೆಸ್ಕಂಡ್ರಿ. ಆಗ ಹೋಗದ ಮರ್ಯಾದೆ ನಾನೇ ಹತ್ತಿದ್ರೆ ಹೋಗ್ತದಾ?"

ಜಗುಲಿಯ ತುಂಬ ನಗು. ಮಾಸ್ತಿ ಸೀರೆ ಬಿಚ್ಚಿ ಅವಳ ಕೈಗಿಟ್ಟ.

"ಆತು, ನೀನೇ ಮಾಡು. ಆದ್ರೆ ಗಂಡನ ಪಾತ್ರ ನಂದೇ."

ನರೇಶ ಸಂತೋಷದಿಂದಲೇ ಮೈದುನನ ಪಾತ್ರಕ್ಕೆ ಸರಿದ. ಜನರನ್ನು ನೋಡಿದೊಡನೆ ಗಂಗೆ ಹೆದರುತ್ತಾಳೆ, ಸೀರೆ ತಾನಾಗಿ ತನಗೇ ವಾಪಸ್ಸು ಬರುತ್ತದೆ ಎಂದು ಮಾಸ್ತಿ ಒಳಗೊಳಗೇ ಲೆಕ್ಕ ಹಾಕಿದ್ದ.

ನಾಟಕದ ಸಂಜೆ ಶಾಲೆಯ ಮೈದಾನ ತುಂಬಿಹೋಯಿತು. ಯಾವತ್ತೂ ಹಿಂದೆ ಕೂರುವ ಹೆಂಗಸರು ಅಂದು ಮುಂದೆ ಬಂದು ಕೂತಿದ್ದರು. ರಂಗದ ನಡುವೆ ಇಳಿಬಿಟ್ಟಿದ್ದ ಒಂದೇ ಮೈಕಿನ ಕೆಳಗೆ ಮಾಸ್ತಿ ಮೀಸೆ ತಿರುವುತ್ತ ನಿಂತಿದ್ದ. ಗಂಗೆ ಬಂದಳು. ಅವಳ ಮುಖದಲ್ಲಿ ಹೆದರಿಕೆಯ ಸುಳಿವೇ ಇಲ್ಲ.

ಅವಳನ್ನು ನೋಡಿ ಮಾಸ್ತಿ "ಹೆಂಗಸಿಗೆ ಎಂತ ಪಾಲು?" ಎಂದು ಗದರಬೇಕಿತ್ತು. ಆದರೆ ಬರೇ ಹೆಂಗಸಿನ ಮಾತನ್ನೇ ಬಾಯಿಪಾಠ ಮಾಡಿದ ನಾಲಿಗೆ ಅದು.

"ಈ ಗದ್ದೆಗೆ ನನ್ನ ಬೆವರೂ ಬಿದ್ದದೆ!" ಎಂದು ಮಾಸ್ತಿ ಅಬ್ಬರಿಸಿದ.

ಪರದೆಯ ಹಿಂದೆ ನರೇಶ ಹಣೆ ಚಚ್ಚಿಕೊಂಡ.

ಗಂಗೆ ಅವನನ್ನೇ ನೋಡಿದಳು. "ಅದು ನನ್ನ ಮಾತು. ಅದನ್ನೂ ನೀವೇ ಆಡಿದ್ರೆ ನಾ ಎಂತ ಆಡೂದು?"

ಮೊದಲು ನಕ್ಕವರು ಮುಂದೆ ಕೂತ ಹೆಂಗಸರು. ಆಮೇಲೆ ಇಡೀ ಮೈದಾನ. "ಬಿಡಬೇಡ ಗಂಗೆ!" ಎಂದು ಮುದುಕಿ ತಿಮ್ಮಿ ಕೂಗಿದಳು. ಶಿಳ್ಳೆಗಳು ಎದ್ದವು. ಅವೆಲ್ಲ ಅವಳಿಗೇ ಎಂದು ಮಾಸ್ತಿಗೆ ಗೊತ್ತಿತ್ತು. ಆದರೂ ಎದೆ ಉರಿಯಲಿಲ್ಲ. ಬದಲಿಗೆ ಅವನಿಗೂ ನಗು ಉಕ್ಕಿ ಬಂತು, ನಗುನಗುತ್ತಲೇ ಕಣ್ಣು ತುಂಬಿತು. ಇವಳು ನನ್ನ ಹೆಂಡತಿ ಎಂದು ಕೂಗಿ ಹೇಳಬೇಕೆನ್ನಿಸಿತು.

ಮಾಸ್ತಿ ಮೈಕಿನ ಕೆಳಗಿನಿಂದ ಪಕ್ಕಕ್ಕೆ ಸರಿದ.

"ಹೌದು, ನಿಂದೇ ಮಾತು. ಇಲ್ಲಿ ಬಂದು ಹೇಳು," ಎಂದ. ಆ ಮಾತು ನಾಟಕದಲ್ಲಿ ಇರಲಿಲ್ಲ.

ಗಂಗೆ ಅವನು ಬಿಟ್ಟ ಜಾಗಕ್ಕೆ ಬಂದು ನಿಂತಳು. ಮೈದಾನದ ಕಡೆಗೆ ತಿರುಗಿ ತನ್ನ ಪಾಲು ಕೇಳಿದಳು.