ನಿಂತ ಕುದುರೆಗೆ ಸುಂಕವಿಲ್ಲ

ಒಂದೂರಲ್ಲಿ ಒಬ್ಬ ರಾಜ, ಆ ರಾಜನಿಗೊಬ್ಬ ಭಾವಮೈದ. ಭಾವಮೈದನ ಲಾಯದ ತುಂಬ ಕುದುರೆಗಳು. ಕರಿಯದು, ಕೆಂಪನೆಯದು, ಹಾಲಿನ ಕೆನೆಯಂಥದು. ಮೈ ಉಜ್ಜಿಸಿಕೊಂಡು ನಿಂತಲ್ಲೇ ನಿಂತಿರುತ್ತಿದ್ದವು. ಅದೇ ಊರಲ್ಲೊಬ್ಬ ಹೊರೆ ಹೊರುವವನು. ಅವನಿಗೊಂದು ಕತ್ತೆ. ಆ ಕತ್ತೆ ನಿಂತದ್ದನ್ನು ಕಂಡವರಿಲ್ಲ. ಕುದುರೆಯಾಗಲಿ ಕತ್ತೆಯಾಗಲಿ ತಲೆಗಿಷ್ಟು ಸುಂಕ ಎಂದು ಆ ಊರಿನ ಕಟ್ಟಳೆ. ಒಂದು ದಿನ ರಾಜ ಡಂಗುರ ಹೊಡೆಸಿದ: ಇನ್ನು ಮೇಲೆ ಪ್ರಾಣಿಗೆ ಸುಂಕವಿಲ್ಲ, ಅದು ತಿನ್ನುವ ಹುಲ್ಲಿಗೆ ಮಾತ್ರ. ಹೊರೆಯವನು ಕತ್ತೆಯ ಕೊರಳು ತಬ್ಬಿಕೊಂಡು ಕುಣಿದುಬಿಟ್ಟ.

ಅಜ್ಜಿ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದಳು. ಮುಂದೆ ಎಂದು ಪೀಡಿಸಿದರೆ, "ಮುಂದಿಂದು ನನ್ನ ತಂಗಿಗೆ ಗೊತ್ತು, ಅವಳ್ನ ಕೇಳು ಹೋಗು" ಎಂದು ಗೋಡೆ ಕಡೆ ಹೊರಳುತ್ತಿದ್ದಳು.

"ಬಾಯಿ ತೆಗಿಯೋ," ಎಂದ ಧಣಿ, ತನ್ನ ಕಾರು ಶೆಡ್ಡಿನ ಬಾಗಿಲಲ್ಲಿ ನಿಂತು.

ಅಪ್ಪ ಬಾಯಿ ತೆಗೆದ.

"ದೊಡ್ಡದಾಗಿ ತೆಗಿ, ಬೋಳಿಮಗನೇ. ಊದು."

ಅಪ್ಪ ಊದಿದ. ಧಣಿ ಮೂಗಿನ ಮೇಲಿದ್ದ ಕರವಸ್ತ್ರವನ್ನು ಒಂದಿಷ್ಟೇ ಸರಿಸಿ ಮೂಸಿದ. ಟ್ಯಾಂಕಿಗೆ ಪೈಪು ಬಿಟ್ಟು ಬಾಯಿಂದ ಎಳೆದವನ ಉಸಿರು ಪೆಟ್ರೋಲು ನಾರುತ್ತದೆಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ಅಂದಿನಿಂದ ಶೆಡ್ಡಿನ ಕೆಲಸ ಮುಗಿಸಿ ಹೊರಡುವ ಮುನ್ನ ಇದು ಆಗಲೇಬೇಕು. ನಾನು ಕಾರು ಒರೆಸಿದ ಬಟ್ಟೆಗಳನ್ನು ಬಕೆಟ್ಟಿನಲ್ಲಿ ಹಿಂಡುತ್ತಿದ್ದೆ. ಹಿಂಡಿದ್ದನ್ನೇ ಮತ್ತೆ ಹಿಂಡಿದೆ.

"ಈರುಳ್ಳಿ," ಎಂದ ಧಣಿ, ಬೇಸರದಿಂದ. "ಕರಿ ಕಾರಿನ ಪೆಟ್ರೋಲ್ ಮುಳ್ಳು ಕೆಳಗೆ ಬಂದಿದೆಯಲ್ಲೋ. ನೀನು ಕುಡೀಲಿಲ್ಲ ಅಂದ್ರೆ ಮತ್ಯಾರು, ಕಾರೇ ಕುಡೀತಾ?"

"ಕಾರೇ ಕುಡೀತು ಧಣಿ. ದಿನಾ ಸ್ಟಾರ್ಟ್ ಮಾಡಿ ಬಿಡು ಅಂದೋರು ನೀವೇ ಅಲ್ವಾ."

"ಎದುರು ಮಾತು ಬೇರೆ. ಮುಚ್ಕೊಂಡು ನಡಿ."

ಅಪ್ಪನ ಕೆಲಸವೇ ಅದು. ನಿಂತ ಕಾರುಗಳ ಬ್ಯಾಟರಿ ಸಾಯಬಾರದು. ಅದಕ್ಕೆ ಬೆಳಿಗ್ಗೆ ಒಂದೊಂದರದೇ ಹೊದಿಕೆ ತೆಗೆದು, ಇಂಜಿನ್ ಚಾಲೂ ಮಾಡಿ, ಮೈ ಬಿಸಿಯಾಗುವ ತನಕ ಬಿಡಬೇಕು. ಕಾರು ಗುರುಗುಡುತ್ತದೆ, ಹಿಂದಿನಿಂದ ಹೊಗೆ ಕಾರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಆಮೇಲೆ ನಾನು ಒರೆಸಬೇಕು. ದೂಳಿಲ್ಲದ ಕಾರು ಒರೆಸುವಾಗ ನನಗೆ ಅಜ್ಜಿಯ ಕುದುರೆಗಳು ಕಾಣುತ್ತಿದ್ದವು. ಕಿವಿ ನಿಮಿರಿಸಿ ಬಾಗಿಲ ಕಡೆಯೇ ನೋಡುತ್ತಿದ್ದವು.

ನಮಗೂ ಒಂದು ಗಾಡಿಯಿದೆ. ನೀಲಿ ವ್ಯಾನು. ಅಜ್ಜಿ ಅದನ್ನು ಕತ್ತೆ ಎಂದೇ ಕರೆಯುವುದು. ಮನೆ ಬದಲಿಸುವವರ ಮಂಚ, ಬೀರು, ಪಾತ್ರೆ ತುಂಬಿದ ಡ್ರಮ್ಮು, ಕೊನೆಗೆ ಒಡೆದೀತೆಂದು ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಮನೆಯೊಡತಿ. ಇಷ್ಟನ್ನೂ ಹೊತ್ತು ಅದು ಊರೆಲ್ಲ ತಿರುಗುತ್ತಿತ್ತು. ವರ್ಷಕ್ಕೊಮ್ಮೆ ಗಾಡಿ ತೆರಿಗೆ ಕಟ್ಟುವ ಹೊತ್ತು ಬಂದಾಗ ಮಾತ್ರ ಅಪ್ಪ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದ, ತಿನ್ನುತ್ತಿರಲಿಲ್ಲ.

ಅಂಥ ಹೊತ್ತಿನಲ್ಲೇ ಧಣಿ ಮೊದಲ ಸಲ ನಮ್ಮ ಕಡೆ ಬಂದದ್ದು. ಅವನು ಮೋಟಾರು ಮಾಲೀಕರ ಸಂಘದ ಅಧ್ಯಕ್ಷ. ನಮ್ಮ ಸಾಲುಮನೆಗಳ ಮುಂದೆ ಮೈಕು ಹಿಡಿದು ನಿಂತು, "ಓಡೋನು ಕಟ್ಟಲಿ, ನಿಂತೋನು ಯಾಕೆ ಕಟ್ಟಬೇಕು? ಗಾಡಿ ಮೇಲಿನ ತೆರಿಗೆ ತೆಗೆದು ಪೆಟ್ರೋಲ್ ಮೇಲೆ ಹಾಕಲಿ!" ಎಂದ. ಅಪ್ಪನಿಗೆ ಅದು ನ್ಯಾಯವಾಗಿಯೇ ಕೇಳಿಸಿತು. ಬೀರು ಹೊತ್ತು ಗಟ್ಟಿಯಾದ ತೋಳು; ಮೆರವಣಿಗೆಯಲ್ಲಿ ಎಲ್ಲರಿಗಿಂತ ದೊಡ್ಡ ಬೋರ್ಡು ಅವನ ಕೈಗೇ ಬಂತು.

"ಒಂದೇ ಸಲ ಕತ್ತು ಹಿಸುಕೋದಕ್ಕಿಂತ ದಿನಾ ಒಂಚೂರು ಚಿವುಟಿದ್ರೆ ತಡ್ಕೋಬಹುದು," ಎಂದ ಮನೆಗೆ ಬಂದು.

ಪಕ್ಕದ ಮನೆಯ ಇಸ್ತ್ರಿ ಅಕ್ಕ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. "ದಿನಾ ಓಡೋನು ನೀನು ಕಣಯ್ಯಾ. ಅವನ ಕಾರುಗಳು ಶೆಡ್ಡಲ್ಲಿ ಕಾವು ಕೂತಿದಾವೆ. ಅವನಿಗ್ಯಾಕೆ ಚಿವುಟ್ತಾರೆ?"

"ನಿನಗೇನಕ್ಕಾ, ಇಸ್ತ್ರಿಪೆಟ್ಟಿಗೆಗೆ ತೆರಿಗೆಯಿಲ್ಲ."

"ಇದ್ದಿಲಿಗೆ ಹಾಕಿದ ದಿನ ನಾನೂ ನಿನ್ನ ಹಾಗೆ ಬೋರ್ಡ್ ಹಿಡ್ಕೊಂಡು ಕುಣೀತೀನಿ ಬಿಡು."

ತೆರಿಗೆ ಹೋಯಿತು. ಸಂಘದವರು ಪಟಾಕಿ ಹೊಡೆದರು. ಆಮೇಲೆ ಪೆಟ್ರೋಲು ಏರಿತು, ಡೀಸೆಲ್ಲು ಏರಿತು. ಬಾಡಿಗೆ ಕೇಳಿದವರು, "ಅಷ್ಟು ಕೊಟ್ರೆ ಹೊಸ ಮಂಚಾನೇ ಬರುತ್ತಲ್ಲಪ್ಪಾ" ಎಂದು ಹಳೆಯ ಮಂಚವನ್ನು ಅಲ್ಲೇ ಬಿಟ್ಟು ಹೋದರು. ಕಡಿಮೆ ಬಾಡಿಗೆಗೆ ಓಡಿದರೆ ಡೀಸೆಲ್ಲಿಗೇ ಸಾಲದು. ಗುಡ್ಡದಾಚೆ ಹೋಗುತ್ತಿದ್ದ ಬಸ್ಸನ್ನೂ ನಿಲ್ಲಿಸಿದರು. ನಿಂತ ಗಾಡಿಗೆ ತೆರಿಗೆಯಿಲ್ಲವಲ್ಲ, ನಮ್ಮದೂ ನಿಂತಿತು. ಈಗ ಅದರೊಳಗೆ ಇಸ್ತ್ರಿ ಅಕ್ಕ ಇದ್ದಿಲ ಚೀಲ ಇಡುತ್ತಾಳೆ. ಅಪ್ಪ ಧಣಿಯ ಶೆಡ್ಡಿಗೆ ಸೇರಿದ, ನನ್ನನ್ನೂ ಸೇರಿಸಿದ.

ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ, ಇರುವುದು ಆ ಗುಡ್ಡದಾಚೆ, ದಿಕ್ಕಿಲ್ಲದ ಮುದುಕಿಯರನ್ನು ಇಟ್ಟುಕೊಳ್ಳುವ ಮನೆಯಲ್ಲಿ. ಅವಳಿಗೆ ಕಣ್ಣು ಕಾಣದು. ಸೊಂಟದ ತನಕ ಬಿಳಿ ಕೂದಲು. ಅಕ್ಕನೊಬ್ಬಳನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಕಚ್ಚುತ್ತಾಳೆ. ಅವಳನ್ನು ಅಲ್ಲಿ ಬಿಡುವಾಗ ಅಜ್ಜಿ, "ತಲೆ ಬಾಚೋಕೆ ನಾನೇ ಬರ್ತೀನಿ ಕಣೇ" ಎಂದು ಮಾತು ಕೊಟ್ಟಿದ್ದಳು. ಆ ಕಡೆ ಬಾಡಿಗೆ ಸಿಕ್ಕಾಗಲೆಲ್ಲ ಅಪ್ಪ ಮಂಚಗಳ ನಡುವೆ ಅಜ್ಜಿಯನ್ನೂ ಕೂರಿಸಿಕೊಂಡು ಹೋಗುತ್ತಿದ್ದ. ಕತ್ತೆ ನಿಂತ ಮೇಲೆ ಅದೂ ನಿಂತಿತು. "ಈ ವಾರ ಆಗ್ಲಿ ಅಮ್ಮ, ಕರ್ಕೊಂಡು ಹೋಗ್ತೀನಿ" ಎಂದು ಅಪ್ಪ ಹೇಳುತ್ತಲೇ ಇದ್ದ. ಅಜ್ಜಿ ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗುತ್ತಿದ್ದಳು.

ಭಾನುವಾರ ಅಲ್ಲಿಂದ ಫೋನು ಬಂತು. ಅಲ್ಲಿಯ ಮೇಲ್ವಿಚಾರಕಿ. "ನೋಡಿ, ತಲೆಯೆಲ್ಲ ಗಂಟುಗಟ್ಟಿ ಹೋಗಿದೆ, ಹೇನು ಬಿದ್ದಿದೆ. ಬೇರೆಯವರಿಗೂ ಹತ್ತುತ್ತೆ. ನಾಳೆ ಬೋಳಿಸಿಬಿಡ್ತೀವಿ. ಕೈಕಾಲು ಹಿಡ್ಕೊಳ್ಳೋಕೆ ಇಬ್ಬರಿಗೆ ಹೇಳಿದೀನಿ."

ಅಜ್ಜಿ ಫೋನು ಕಿತ್ತುಕೊಂಡು ತಿರುಗುಮುರುಗಾಗಿ ಹಿಡಿದು ಕೂಗಿದಳು: "ನಾನು ಬರೋ ತನಕ ಕತ್ತರಿ ಮುಟ್ಟಬೇಡ್ರೇ! ನಿಮ್ಮ ಕೈ ಸೇದಿಹೋಗ!"

ಅಪ್ಪ ಚಪ್ಪಲಿ ಮೆಟ್ಟಿಕೊಂಡ. ನಾನೂ ಹಿಂದೆಯೇ ಹೋದೆ.

ಧಣಿ ಶೆಡ್ಡಿನಲ್ಲೇ ಇದ್ದ, ಕೆಂಪು ಕಾರಿನ ಬಾನೆಟ್ಟಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತ.

"ಒಂದು ಕ್ಯಾನ್ ಡೀಸೆಲ್ ಕೊಡಿಸಿ ಧಣಿ. ಸಂಬಳದಲ್ಲಿ ಹಿಡ್ಕೊಳ್ಳಿ. ನಮ್ಮ ಚಿಕ್ಕಮ್ಮಂಗೆ..." ಅಪ್ಪ ಕೂದಲಿನ ವಿಷಯ ಹೇಳಿದ. ಹೇಳುತ್ತ ಹೇಳುತ್ತ ಅದು ಅವನಿಗೇ ಸಣ್ಣದಾಗಿ ಕೇಳಿಸಿರಬೇಕು, ದನಿ ಇಳಿದುಹೋಯಿತು.

ಧಣಿಗೆ ನಿಜಕ್ಕೂ ನಗು ಬಂತು. "ಕೂದಲಿಗಾ? ಲೋ, ಗುಂಡು ಹೊಡೆಸಿದ್ರೆ ಮುದುಕಿಗೆ ತಂಪಾಗಿರುತ್ತೆ ಬಿಡೋ. ಓಡೋನು ಕಟ್ಟಲಿ ಅಂತ ಬೋರ್ಡ್ ಹಿಡ್ಕೊಂಡು ಗಂಟಲು ಹರ್ಕೊಂಡೋನು ಯಾರು? ನಾನೊಬ್ಬನೇನಾ? ಈಗ ಓಡ್ಬೇಕಾ, ಕಟ್ಟು."

"ತಪ್ಪಾಯ್ತು ಧಣಿ."

"ಡೀಸೆಲ್ ಕೇಳೋಕೆ ಬಂದಿದೀಯ ಅಂದ್ರೆ ಪೆಟ್ರೋಲ್ ಮೇಲೂ ಕಣ್ಣಿದೆ ಅಂತಾಯ್ತು. ಬಾಯಿ ತೆಗಿ." ಮೂಸಿದ. ಆಮೇಲೆ ನನ್ನ ಕಡೆ ಬೆರಳು ಮಾಡಿದ. "ಅವಳ್ನೂ ಕರಿ."

"ಅವಳು ಬಟ್ಟೆ ಹಿಂಡೋಳು ಧಣಿ. ಟ್ಯಾಂಕ್ ಮುಟ್ಟಲ್ಲ."

"ಅಪ್ಪ ಎಳೀದಿದ್ರೆ ಮಗಳು ಎಳೀತಾಳೆ. ಕರಿಯೋ, ಕತ್ತೆ."

ನಾನು ಬಾಯಿ ತೆಗೆದೆ. ಧಣಿ ಬಗ್ಗಿದ. ಅವನ ಮೂಗಿನ ಹೊಳ್ಳೆಯ ಕೂದಲು ನನ್ನ ಉಸಿರಿಗೆ ಅಲುಗಾಡಿತು. ಅಪ್ಪ ತನ್ನ ಚಪ್ಪಲಿಯ ಕಿತ್ತ ಉಂಗುಟವನ್ನು ನೋಡುತ್ತ ನಿಂತಿದ್ದ.

"ಇನ್ನೂ ದೊಡ್ಡದಾಗಿ," ಎಂದ ಧಣಿ.

ಮನೆಯ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ನಿಜವಾಗಿ ಕದ್ದಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು.

ಸೋಮವಾರ ಬೆಳಿಗ್ಗೆ ಅಪ್ಪ ಎಂದಿನಂತೆ ಶೆಡ್ಡಿನ ಬಾಗಿಲು ತಳ್ಳಿದ. ಕೆನೆ ಬಣ್ಣದ ಕಾರಿನ ಹೊದಿಕೆ ಎಳೆದು ಮಡಚಿ ಮೂಲೆಗಿಟ್ಟ. ಸ್ಟಾರ್ಟ್ ಮಾಡಿದ. ಎಂದಿನಂತೆ ಇಳಿದು ಬರಲಿಲ್ಲ. ಸ್ಟೀರಿಂಗ್ ಮೇಲೆ ಕೈಯಿಟ್ಟು, ಮಲಗೆದ್ದವನ ಹಾಗೆ ಮುಂದೆ ನೋಡುತ್ತ ಕೂತ. ನಾನು ಬಟ್ಟೆ ಹಿಡಿದು ಕಾಯುತ್ತಿದ್ದೆ.

"ಪುಟ್ಟಿ, ಅಜ್ಜಿನ ಕರ್ಕೊಂಡ್ ಬಾ," ಎಂದ. "ಎಣ್ಣೆ ಬಾಟ್ಲಿ ಮರೀಬೇಡ ಅನ್ನು."

ಅಜ್ಜಿ ಚಪ್ಪಲಿ ಬಿಟ್ಟು ಕಾರು ಹತ್ತಿದಳು. ಆಮೇಲೆ ಬಗ್ಗಿ ಅವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಸೀಟನ್ನು ಅಂಗೈಯಿಂದ ಸವರಿ, "ಯಾರದೋ ಇದು?" ಎಂದಳು.

"ಭಾವಮೈದನದು ಅಮ್ಮ," ಎಂದ ಅಪ್ಪ.

ಕಾರು ಅಂಗಳಕ್ಕೆ ಬರುವಾಗ ಧಣಿ ಮಹಡಿಯ ಮೇಲೆ ಟವೆಲು ಸುತ್ತಿಕೊಂಡು ಹಲ್ಲುಜ್ಜುತ್ತಿದ್ದ. ನಮ್ಮನ್ನು ಕಂಡು ಬ್ರಷ್ ಅಲ್ಲೇ ನಿಂತಿತು. ಕೂಗಲು ಹೋದ, ಬಾಯಿ ತುಂಬ ನೊರೆ. ಬಾಯಿ ದೊಡ್ಡದಾಗಿ ತೆರೆದಿತ್ತು, ಮಾತು ಬರಲಿಲ್ಲ, ನೊರೆ ಎದೆಯ ಮೇಲೆ ಇಳಿಯಿತು.

ಅಪ್ಪ ಕಿಟಕಿಯಿಂದ ತಲೆ ಹೊರಹಾಕಿದ. "ಇಂಜಿನ್ ಬಿಸಿ ಮಾಡ್ಕೊಂಡ್ ಬರ್ತೀನಿ ಧಣಿ!"

ಗುಡ್ಡದ ತಿರುವುಗಳಲ್ಲಿ ಕಾರು ಮೊದಮೊದಲು ತಡವರಿಸಿತು. ಆಮೇಲೆ ಏನೋ ನೆನಪಾದಂತೆ ಏರತೊಡಗಿತು. ಅಪ್ಪನ ಜೇಬಿನಲ್ಲಿ ಫೋನು ಅರಚುತ್ತಲೇ ಇತ್ತು. "ತೆಗಿಯೋದಲ್ವಾ ಅಪ್ಪ?" ಎಂದೆ. "ಗಾಡಿ ಓಡಿಸ್ತಾ ಫೋನ್ ಮಾತಾಡಬಾರದು ಪುಟ್ಟಿ. ಕೇಸ್ ಹಾಕ್ತಾರೆ," ಎಂದ. ಅಜ್ಜಿ ನಗಲಿಲ್ಲ, ನಾನೂ ನಗಲಿಲ್ಲ.

ಆ ಮನೆಯ ಹಿಂದಿನ ಕೋಣೆಯಲ್ಲಿ ಚಿಕ್ಕಜ್ಜಿಯನ್ನು ಆಗಲೇ ಸ್ಟೂಲಿನ ಮೇಲೆ ಕೂರಿಸಿದ್ದರು. ಕತ್ತಿಗೆ ಟವೆಲು, ಪಕ್ಕದಲ್ಲಿ ಬೇಸಿನ್ನು. ಇಬ್ಬರು ಹೆಂಗಸರು ಅವಳ ಕೈ ಹಿಡಿದಿದ್ದರು. ಒಬ್ಬಳ ಮುಂಗೈಯಲ್ಲಿ ಹಲ್ಲಿನ ಗುರುತು. ಅಜ್ಜಿ ಮೇಲ್ವಿಚಾರಕಿಯ ಕೈಯಿಂದ ಕತ್ತರಿ ತೆಗೆದು ಕಿಟಕಿಯ ಮೇಲಿಟ್ಟು, ತಂಗಿಯ ಹಿಂದೆ ಕೂತಳು.

"ತಡವಾಯ್ತಲ್ಲೇ," ಎಂದಳು ಚಿಕ್ಕಜ್ಜಿ. ಮುಟ್ಟಿದ ಕೈ ಯಾರದೆಂದು ಕೇಳಲೇ ಇಲ್ಲ.

"ಗಾಡಿ ಸಿಗ್ಲಿಲ್ಲ ಕಣೇ."

ಎಣ್ಣೆ ಸುರಿದಳು. ಗಂಟುಗಳನ್ನು ತುದಿಯಿಂದ ಬೆರಳಲ್ಲೇ ಬಿಡಿಸುತ್ತ ಬಂದಳು. ಹೇನುಗಳನ್ನು ಉಗುರಲ್ಲಿ ಚಿಟ್ಟೆನಿಸಿದಳು. ಹೆಂಗಸರು ಬೇಸತ್ತು ಹೊರಟುಹೋದರು. ಬಿಸಿಲು ಕಿಟಕಿಯಿಂದ ಇಳಿದು ನೆಲದ ನಡುವಿಗೆ ಬಂತು. ಹೊರಗೆ ಅಪ್ಪ ಕಾರಿಗೊರಗಿ ಕುಕ್ಕರುಗಾಲಲ್ಲಿ ಕೂತಿದ್ದ. ಫೋನು ಅವನ ಪಕ್ಕದ ಮಣ್ಣಿನಲ್ಲಿ ಮಿಣುಕುತ್ತಿತ್ತು. ಗುಡ್ಡದ ಮೇಲೆ, ತಿರುವಿನಲ್ಲಿ, ಒಂದು ಜೀಪು ಇಳಿದು ಬರುತ್ತಿರುವುದು ಕಾಣುತ್ತಿತ್ತು.

"ಚಿಕ್ಕಜ್ಜಿ," ಎಂದೆ, "ಹುಲ್ಲಿಗೆ ಸುಂಕ ಹಾಕಿದ್ರಲ್ಲ, ಆ ಕತೆ. ಮುಂದೆ ಕತ್ತೆ ಏನಾಯ್ತು?"

"ಅದು ನನಗೆಲ್ಲಿ ಗೊತ್ತು? ನಿನ್ನಜ್ಜಿಗೆ ಗೊತ್ತು. ಅವಳ್ನ ಕೇಳು."

ಅಜ್ಜಿ ತಲೆಯೆತ್ತಲಿಲ್ಲ. ಕೂದಲನ್ನು ಮೂರು ಕಾಲು ಮಾಡಿ ಹೆಣೆಯುತ್ತಿದ್ದಳು. ತುದಿಗೆ ಬಂದಾಗ ಕಟ್ಟಲು ಏನೂ ಇರಲಿಲ್ಲ. ನನ್ನ ಸೊಂಟದಲ್ಲಿ ಕಾರೊರೆಸುವ ಹಳದಿ ಬಟ್ಟೆ ಹಾಗೇ ಇತ್ತು. ಅದರ ಅಂಚು ಹರಿದು ಕೊಟ್ಟೆ.

ಚಿಕ್ಕಜ್ಜಿ ಮೂಗರಳಿಸಿದಳು. "ಏನೇ ಇದು, ಪೆಟ್ರೋಲ್ ನಾರ್ತಿದೆ?"

ಅಂಗಳದಲ್ಲಿ ಜೀಪಿನ ಬಾಗಿಲು ಬಡಿದ ಸದ್ದಾಯಿತು. ಯಾರೋ ಅಪ್ಪನನ್ನು ಲೋ ಎಂದರು.

"ಅಲುಗಾಡಬೇಡ," ಎಂದಳು ಅಜ್ಜಿ. ಗಂಟನ್ನು ಹಲ್ಲಿನಿಂದ ಬಿಗಿದು, ಜಡೆಯನ್ನು ತಂಗಿಯ ಹೆಗಲ ಮೇಲಿಂದ ಮುಂದಕ್ಕೆ ತಂದು, ಅವಳ ಕೈಗಿಟ್ಟಳು.

"ಆಯ್ತು, ನೋಡು."